‘ಯಾವ ದೇಶದವರು?’ — ಸಿದ್ದಿಗಳು ಮತ್ತು ವರ್ಣದ ಪ್ರಶ್ನೆ

ಕನ್ನಡದಲ್ಲಿ ‘ಜನಾಂಗ’ ಎಂಬ ಪದಕ್ಕಿರುವ ಅರ್ಥಗಳನ್ನು ಎಣಿಸುತ್ತ ಹೋದರೆ ಒಂದು ಕುತೂಹಲಕರ ಸಂಗತಿ ಗಮನಕ್ಕೆ ಬರುತ್ತದೆ. ಆಫ್ರಿಕದ ಕಪ್ಪು ಜನರನ್ನೂ ಯುರೋಪಿನ ಬಿಳಿಯ ಜನರನ್ನೂ ಬೇರ್ಪಡಿಸಿ ಹೇಳಬೇಕಾದಾಗ ಬಳಕೆಗೆ ಬರುವ ಪದ ಇದು. ಒಂದೇ ಊರಿನ ಎರಡು ಕೇರಿಗಳಲ್ಲಿ ಬಾಳುವ ಎರಡು ಜಾತಿಗಳನ್ನು ಸಭೆಯಲ್ಲಿ ಮರ್ಯಾದೆಯಿಂದ ಹೆಸರಿಸಬೇಕಾದಾಗ ಒದಗುವ ಪದವೂ ಇದೇ. ಅಜ್ಜಂದಿರ ಕಾಲವನ್ನೂ ಮೊಮ್ಮಕ್ಕಳ ಕಾಲವನ್ನೂ ಬೇರ್ಪಡಿಸಲು ‘ಹಿಂದಿನ ಜನಾಂಗ’, ‘ಮುಂದಿನ ಜನಾಂಗ’ ಎನ್ನುವಾಗಲೂ ಅದೇ ಪದ ಮೂರನೆಯ ಅರ್ಥವನ್ನು ಹೊತ್ತು ನಿಲ್ಲುತ್ತದೆ. ‘ವರ್ಣ’ದ ಕಥೆಯೂ ಹೀಗೆಯೇ. ಅದು ಬಣ್ಣ, ಅದು ಅಕ್ಷರ, ಅದು ಸಮಾಜವನ್ನು ನಾಲ್ಕು ಮೆಟ್ಟಿಲುಗಳಾಗಿ ಕಡೆದ ಶಾಸ್ತ್ರದ ಪರಿಭಾಷೆ. ದಕ್ಷಿಣ ಆಫ್ರಿಕದ ಅಪಾರ್ಥೈಡ್ ಪದ್ಧತಿಯನ್ನು ಕನ್ನಡ ಪತ್ರಿಕೆಗಳು ‘ವರ್ಣಭೇದ ನೀತಿ’ ಎಂದು ಕರೆದಾಗ ಈ ಅರ್ಥಗಳೆಲ್ಲವೂ ಒಂದರ ಮೇಲೊಂದು ಬಂದು ಕೂತವು. ಮೈಬಣ್ಣದ ತಾರತಮ್ಯ ದೂರದೇಶದ ವಿಷಯವೆಂದು ಭಾವಿಸುವ ಓದುಗನೂ ಅದನ್ನು ಹೆಸರಿಸುವುದು ತನ್ನ ಮನೆಯೊಳಗಿನ ಪದದಿಂದಲೇ. ಆ ಪದಕ್ಕೂ ಮನೆಗೂ ಇರುವ ಸಂಬಂಧವನ್ನು ವಿಚಾರಿಸಲು ದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಯಾವುದಾದರೊಂದು ಬಸ್ ನಿಲ್ದಾಣಕ್ಕೆ ಹೋದರೆ ಸಾಕು.

ಮುಂಬಯಿಯಲ್ಲಿ ಹುಟ್ಟಿ ಬೆಳೆದ, ತಂದೆಯ ಕಾಲಕ್ಕೆ ಅಂಕೋಲೆಯಿಂದ ವಲಸೆ ಬಂದ ಮನೆತನದ ಒಬ್ಬ ಕನ್ನಡಿಗನನ್ನು ಊಹಿಸಿಕೊಳ್ಳಬಹುದು. ಬಂಧುಗಳ ಮದುವೆಗೆಂದು ಆತ ಯಲ್ಲಾಪುರದಲ್ಲಿ ಬಸ್ಸಿಳಿಯುತ್ತಾನೆ. ನಿಲ್ದಾಣದ ಕಟ್ಟೆಯ ಮೇಲೆ ಕುಳಿತ ತರುಣನೊಬ್ಬನನ್ನು ನೋಡುತ್ತಾನೆ: ಗುಂಗುರು ಕೂದಲು, ದಟ್ಟ ಕಪ್ಪು ಮೈ, ಆಫ್ರಿಕದ ಮುಖಚರ್ಯೆ. ಪ್ರಯಾಣಿಕನಿಗೆ ಕುತೂಹಲ ತಡೆಯದು. ‘ಯಾವ ದೇಶದವರು?’ ಎಂದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿಬಿಡುತ್ತಾನೆ. ‘ಮಂಚಿಕೇರಿ’ ಎಂದು ಉತ್ತರ ಕನ್ನಡದಲ್ಲಿ ಬರುತ್ತದೆ. ಪ್ರಯಾಣಿಕ ಅಲ್ಲಿಗೆ ನಿಲ್ಲುವುದಿಲ್ಲ. ‘ಅದಲ್ಲ, ಮೂಲ ಯಾವುದು?’ ಎಂಬುದು ಅವನ ಎರಡನೆಯ ಪ್ರಶ್ನೆ. ಕೇಳುವವನ ಮನಸ್ಸಿನಲ್ಲಿ ದ್ವೇಷವಿಲ್ಲ. ಕೇಳಿಸಿಕೊಂಡವನ ಮುಖದಲ್ಲಿ ಸಿಟ್ಟೂ ಇಲ್ಲ, ಏಕೆಂದರೆ ಈ ಪ್ರಶ್ನೆ ಅವನಿಗೆ ಹೊಸದಲ್ಲ. ಆದರೂ ಆ ಎರಡನೆಯ ಪ್ರಶ್ನೆಯಲ್ಲಿ ಒಂದು ತೀರ್ಪು ಅಡಗಿದೆ. ತಲೆಮಾರುಗಳಿಂದ ಆ ಮಣ್ಣಿನಲ್ಲಿ ದುಡಿದವನನ್ನು ಅದು ಒಂದೇ ಕ್ಷಣದಲ್ಲಿ ಅತಿಥಿಯನ್ನಾಗಿ ಮಾಡುತ್ತದೆ. ಮುಂಬಯಿಯಿಂದ ಎರಡು ದಿನಕ್ಕೆಂದು ಬಂದವನನ್ನು ಮನೆಯ ಯಜಮಾನನನ್ನಾಗಿ ಮಾಡುತ್ತದೆ.

ಇಂಥ ಪ್ರಶ್ನೆಯ ಮುಳ್ಳು ಎಲ್ಲಿ ಚುಚ್ಚುತ್ತದೆ ಎಂಬುದು ಹೊರನಾಡ ಕನ್ನಡಿಗನಿಗೆ ತಿಳಿಯದ್ದೇನೂ ಅಲ್ಲ. 1966ರಲ್ಲಿ ಶಿವಸೇನೆ ಸ್ಥಾಪನೆಯಾದ ಮೇಲೆ ನಡೆದ ಚಳವಳಿಯ ದಿನಗಳಲ್ಲಿ ಮುಂಬಯಿಯ ಕನ್ನಡಿಗರು, ತಮಿಳರು, ಮಲಯಾಳಿಗಳು ಎಲ್ಲರೂ ‘ಮದ್ರಾಸಿ’ ಎಂಬ ಒಂದೇ ಹೆಸರಿನಡಿ ಬಂದರು. ಉಡುಪಿ ಹೋಟೆಲುಗಳ ಗಾಜುಗಳು ಒಡೆದವು. ಆದರೆ ಅಲ್ಲೊಂದು ಪಾರಾಗುವ ದಾರಿಯಿತ್ತು. ಕನ್ನಡಿಗನ ಗುರುತು ಅವನ ನಾಲಗೆಯಲ್ಲಿತ್ತು. ಮರಾಠಿಯನ್ನು ಸೊಗಸಾಗಿ ಕಲಿತ ಮಗ, ಅದರಲ್ಲೇ ಕನಸು ಕಾಣುವ ಮೊಮ್ಮಗ ರೈಲುಗಾಡಿಯ ಜನಜಂಗುಳಿಯಲ್ಲಿ ಕರಗಿಹೋಗಬಲ್ಲವರಾಗಿದ್ದರು. ಸಿದ್ದಿಗೆ ಆ ದಾರಿ ಇಲ್ಲ. ಅವನು ಎಷ್ಟೇ ಸ್ವಚ್ಛವಾದ ಕನ್ನಡ ಆಡಿದರೂ ಮಾತು ಕಿವಿಗೆ ಬೀಳುವ ಮೊದಲೇ ಕಣ್ಣು ನಿರ್ಧರಿಸಿಬಿಟ್ಟಿರುತ್ತದೆ. ಸಮಾಜಶಾಸ್ತ್ರಜ್ಞರು ಬುಡಕಟ್ಟು–ಭಾಷಿಕ ಗುರುತಿಗೂ ವರ್ಣದ ಗುರುತಿಗೂ ನಡುವೆ ಎಳೆಯುವ ಗೆರೆ ಸರಿಸುಮಾರು ಇದು. ಸಮಾನ ಮೂಲದಲ್ಲಿ ಇರುವ ನಂಬಿಕೆಯೇ ಸಮುದಾಯವನ್ನು ಕಟ್ಟುತ್ತದೆ, ಆ ಮೂಲ ನಿಜವಾಗಿರಲೇಬೇಕೆಂದಿಲ್ಲ ಎಂದು ಮ್ಯಾಕ್ಸ್ ವೆಬರ್ ತೋರಿಸಿದ. ಸಮುದಾಯಗಳನ್ನು ಉಳಿಸುವುದು ಅವುಗಳ ನಡುವಣ ಎಲ್ಲೆಯೇ ಎಂದು ಫ್ರೆಡ್ರಿಕ್ ಬಾರ್ತ್ 1969ರಲ್ಲಿ ವಾದಿಸಿದ. ಇವು ಸಮುದಾಯ ತನ್ನ ಬಗ್ಗೆ ಹೇಳಿಕೊಳ್ಳುವ ಮಾತುಗಳನ್ನೂ ಒಳಗೊಂಡ ವಿವರಣೆಗಳು. ವರ್ಣವಾದರೋ ಬಹುಮಟ್ಟಿಗೆ ಇನ್ನೊಬ್ಬರು ಹೊರಿಸುವ ಹೆಸರು. ಅಮೆರಿಕದ ಕಪ್ಪು ಚಿಂತಕ ಡು ಬೊಯಿಸ್ 1903ರಷ್ಟು ಹಿಂದೆಯೇ, ಹಾಗೆ ಹೆಸರು ಹೊತ್ತವನು ತನ್ನನ್ನು ತಾನು ಇತರರ ಕಣ್ಣಿನಿಂದ ನೋಡಿಕೊಳ್ಳುತ್ತ ಬದುಕಬೇಕಾಗುವ ಇಬ್ಬಂದಿತನವನ್ನು ವಿವರಿಸಿದ್ದ. ಮಂಚಿಕೇರಿಯ ತರುಣ ಆ ಪುಸ್ತಕವನ್ನು ಓದದೆಯೂ ಅದರ ಅರ್ಥವನ್ನು ಬಲ್ಲ.

‘ಸಿದ್ದಿ’ ಎಂಬ ಹೆಸರಿನಲ್ಲಿಯೇ ಒಂದು ವ್ಯಂಗ್ಯವಿದೆ. ಅರಬ್ಬೀ ಭಾಷೆಯಲ್ಲಿ ಒಡೆಯ, ಸ್ವಾಮಿ ಎಂಬ ಅರ್ಥದ ‘ಸಯ್ಯಿದ್’, ‘ಸೀದಿ’ ಪದಗಳಿಂದ ಅದು ಬಂದಿದೆಯೆಂಬುದು ಹೆಚ್ಚಿನವರು ಒಪ್ಪುವ ನಿಷ್ಪತ್ತಿ. ಇವರಿಗೇ ಸಲ್ಲುವ ಇನ್ನೊಂದು ಹೆಸರು ‘ಹಬಶಿ’. ಅದು ಅಬಿಸೀನಿಯ, ಎಂದರೆ ಇಂದಿನ ಇಥಿಯೋಪಿಯದ ಅರಬ್ಬೀ ಹೆಸರಾದ ‘ಹಬಶ್’ನಿಂದ ಬಂದದ್ದು. ‘ಕಾಫ್ರಿ’ ಎಂಬ ಮೂರನೆಯ ಹೆಸರು ಅರಬ್ಬೀ ಮೂಲದಿಂದ ಹೊರಟು ಪೋರ್ಚುಗೀಸರ ಬಾಯಿಯ ಮೂಲಕ ಕರಾವಳಿಗೆ ಇಳಿಯಿತು. ಮೂರು ಹೆಸರುಗಳಲ್ಲಿ ಒಂದು ಗೌರವದ್ದು, ಒಂದು ಭೂಗೋಳದ್ದು, ಒಂದು ತಿರಸ್ಕಾರದ್ದು. ಈ ಪೈಕಿ ಒಂದನ್ನಾದರೂ ಹೊತ್ತವರು ತಾವೇ ಇಟ್ಟುಕೊಂಡಂತೆ ತೋರುವುದಿಲ್ಲ. ಕರ್ನಾಟಕದ ಸಿದ್ದಿಗಳಲ್ಲಿ ಬಹುಪಾಲಿನವರ ಹಿರಿಯರು ಗೋವೆಯ ದಾರಿಯಾಗಿ ಬಂದವರು. ಮೊಜಾಂಬಿಕ್ ಮೊದಲಾದ ಪೂರ್ವ ಆಫ್ರಿಕದ ತೀರಗಳಿಂದ ಪೋರ್ಚುಗೀಸರ ಹಡಗುಗಳು ಗುಲಾಮರನ್ನು ತಂದು ಗೋವೆಯಲ್ಲಿ ಮಾರುತ್ತಿದ್ದವು. ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು, ಮತ್ತೊಬ್ಬ ಒಡೆಯನಿಗೆ ಮಾರಾಟವಾದವರು ಪೂರ್ವದ ದಟ್ಟ ಕಾಡನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೋಯಿಡಾ, ಶಿರಸಿ ತಾಲ್ಲೂಕುಗಳ ಕಾಡಂಚಿನಲ್ಲೂ ನೆರೆಯ ಕಲಘಟಗಿ, ಖಾನಾಪುರಗಳ ಕಡೆಯಲ್ಲೂ ಅವರ ವಸತಿಗಳು ಹಬ್ಬಿದವು. 1843ರ ಕಾಯಿದೆಯಿಂದ ಬ್ರಿಟಿಷ್ ಭಾರತದ ನ್ಯಾಯಾಲಯಗಳು ಗುಲಾಮಗಿರಿಯನ್ನು ಮಾನ್ಯಮಾಡುವುದನ್ನು ನಿಲ್ಲಿಸಿದವು. ಆದರೆ ಕಾಗದದ ಮೇಲೆ ಸ್ವತಂತ್ರನಾದವನಿಗೆ ನಿಲ್ಲಲು ನೆಲವನ್ನು ಯಾವ ಕಾಯಿದೆಯೂ ಕೊಡಲಿಲ್ಲ.

ಇಷ್ಟೇ ಕಥೆಯಾಗಿದ್ದರೆ ಕಪ್ಪು ಮೈಯೆಂದರೆ ದಾಸ್ಯ ಎಂದು ಸುಲಭವಾಗಿ ಹೇಳಿ ಮುಗಿಸಬಹುದಿತ್ತು. ಆದರೆ ದಖ್ಖನ್ನಿನ ಇತಿಹಾಸ ಆ ಸಮೀಕರಣವನ್ನು ಒಪ್ಪುವುದಿಲ್ಲ. ಸುಮಾರು 1548ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿ, ಬಾಲಕನಾಗಿ ಮಾರಾಟವಾಗಿ, ಒಡೆಯರಿಂದ ಒಡೆಯರಿಗೆ ಕೈ ಬದಲಾಗುತ್ತ ಅಹಮದನಗರವನ್ನು ಮುಟ್ಟಿದ ಮಲಿಕ್ ಅಂಬರ್ ಅಲ್ಲಿನ ನಿಜಾಮಶಾಹಿಯ ಆಡಳಿತವನ್ನು ನಡೆಸುವ ಮಟ್ಟಕ್ಕೆ ಏರಿದ. ಅವನನ್ನು ಕೊಂಡಿದ್ದ ಮಂತ್ರಿ ಚಂಗೀಜ್ ಖಾನನೂ ಹಬಶಿಯೇ. ನಡುವೆ ಕೆಲಕಾಲ ಬಿಜಾಪುರದ ಸೇವೆಯಲ್ಲಿಯೂ ಅಂಬರ್ ಇದ್ದ. 1600ರಲ್ಲಿ ಅಹಮದನಗರದ ಕೋಟೆ ಮೊಗಲರ ವಶವಾದ ಮೇಲೂ ಆ ರಾಜ್ಯ ಕಾಲು ಶತಮಾನ ಉಸಿರಾಡಿದ್ದು ಅವನ ಬಲದಿಂದ. ಅವನು ಕಟ್ಟಿದ ಖಡ್ಕಿ ಪಟ್ಟಣ ಮುಂದೆ ಔರಂಗಾಬಾದ್ ಎನಿಸಿತು. ಈಗ ಛತ್ರಪತಿ ಸಂಭಾಜಿನಗರವೆಂದು ಹೆಸರಾಗಿದೆ. ಅಲ್ಲಿ ಅವನು ಮಾಡಿಸಿದ ನೀರಿನ ಕಾಲುವೆಗಳು ಇಂಜಿನಿಯರುಗಳ ಮೆಚ್ಚುಗೆಗೆ ಪಾತ್ರವಾಗಿವೆ. 1626ರಲ್ಲಿ ಅವನು ಸಾಯುವವರೆಗೂ ಜಹಾಂಗೀರನಿಗೆ ಅವನನ್ನು ಗೆಲ್ಲಲಾಗಲಿಲ್ಲ. ಗೆಲ್ಲಲಾಗದ ಬಾದಶಹ ತನ್ನ ಚಿತ್ರಕಾರ ಅಬುಲ್ ಹಸನನ ಕೈಯಲ್ಲಿ, ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುತ್ತಿರುವಂತೆ ಚಿತ್ರ ಬರೆಸಿಕೊಂಡ. ತನ್ನ ಆತ್ಮಕಥೆಯಲ್ಲಿ ಅವನ ಬಣ್ಣವನ್ನು ಹಿಡಿದು ಹೀಯಾಳಿಸಿದ. ಬಣ್ಣದ ಹೀಯಾಳಿಕೆ ಇಲ್ಲಿ ಸೋಲಿನ ಭಾಷೆಯಾಗಿ ಬಂದಿರುವುದನ್ನು ಗಮನಿಸಬೇಕು.

ಬಿಜಾಪುರದ ಆದಿಲಶಾಹಿಯಲ್ಲಿಯೂ ಇಖ್ಲಾಸ್ ಖಾನನಂಥ ಹಬಶಿ ಸರದಾರರು ಅಧಿಕಾರದ ತುದಿಯಲ್ಲಿದ್ದರು. 1660ರಲ್ಲಿ ಪನ್ಹಾಳಗಡದಲ್ಲಿ ಶಿವಾಜಿಯನ್ನು ಮುತ್ತಿದ ಬಿಜಾಪುರದ ಸೇನಾಪತಿ ಸಿದ್ದಿ ಜೌಹರ್. ಮುರುಡಿನ ಸಮುದ್ರದ ನಡುವೆ ನಿಂತ ಜಂಜೀರಾ ದುರ್ಗವನ್ನು ಸಿದ್ದಿಗಳು ಮರಾಠರಿಗೂ ಬಿಟ್ಟುಕೊಡದೆ ಆಳಿದರು. 1948ರಲ್ಲಿ ಆ ಸಂಸ್ಥಾನ ಭಾರತದಲ್ಲಿ ವಿಲೀನವಾಗುವವರೆಗೂ ಅವರದೇ ನವಾಬಿ ಅಲ್ಲಿತ್ತು. ಅದೇ ವಂಶದ ಒಂದು ಕವಲು ಗುಜರಾತಿನ ಸಚೀನ್ ಸಂಸ್ಥಾನವನ್ನು ಆಳಿತು. ಮುಂಬಯಿಯಲ್ಲಿ ನೆಲಸಿದ ಕನ್ನಡಿಗರಿಗೆ ಮಜಗಾಂವ್, ಶಿವಡಿ, ಮಾಹಿಮ್ ಎಂಬುವು ದಿನನಿತ್ಯದ ಹೆಸರುಗಳು. 1689ರಲ್ಲಿ ಈ ಸ್ಥಳಗಳನ್ನು ಜಂಜೀರೆಯ ಸಿದ್ದಿಯ ಪಡೆ ವಶಪಡಿಸಿಕೊಂಡು ಇಂಗ್ಲಿಷರನ್ನು ಕೋಟೆಯೊಳಗೆ ಕೂಡಿಹಾಕಿತ್ತು. ಔರಂಗಜೇಬನ ಮುಂದೆ ತಲೆಬಾಗಿ ದಂಡ ತೆತ್ತ ಮೇಲೆಯೇ ಕಂಪನಿಯವರಿಗೆ ಬಿಡುಗಡೆಯಾದದ್ದು. ಬಿಳಿಯರನ್ನು ಕಪ್ಪು ಜನ ಮುತ್ತಿ ಮಣಿಸಿದ ಈ ಪ್ರಸಂಗ ನಡೆದಿರುವುದು ಆಫ್ರಿಕದಲ್ಲಿ ಅಲ್ಲ, ಇಂದು ಉಪನಗರ ರೈಲು ಓಡುವ ಇದೇ ನೆಲದಲ್ಲಿ.

ಹೈದರಾಬಾದಿನ ಕನ್ನಡಿಗರಿಗೆ ಇನ್ನೊಂದು ಪರಿಚಿತ ಹೆಸರುಂಟು: ಮಾಸಾಬ್ ಟ್ಯಾಂಕ್ ಬಳಿಯ ಎ. ಸಿ. ಗಾರ್ಡ್ಸ್. ಅದರ ಪೂರ್ಣ ರೂಪ ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್. ನಿಜಾಮನ ಅಂಗರಕ್ಷಕರಾಗಿದ್ದ ಆಫ್ರಿಕ ಮೂಲದ ಕುದುರೆ ಪಡೆಯವರ ವಸತಿ ಅದು. ಸಂಸ್ಥಾನ ಹೋದ ಮೇಲೆ ಪಡೆಯೂ ಹೋಯಿತು. ಸಮವಸ್ತ್ರ ತೊಟ್ಟು ಕುದುರೆಯೇರಿದವರ ಮಕ್ಕಳು ಸಣ್ಣಪುಟ್ಟ ಕೆಲಸಗಳಿಗೆ ಇಳಿದರು. ಅವರ ಮರ್ಫಾ ವಾದ್ಯ ಮಾತ್ರ ಆ ನಗರದ ಮದುವೆಗಳಲ್ಲಿ ಉಳಿಯಿತು. ಅಲ್ಲಿ ಬಣ್ಣ ಬದಲಾಗಲಿಲ್ಲ. ಬದಲಾದದ್ದು ಸಂಬಳ, ಆಯುಧ ಮತ್ತು ಆಶ್ರಯ. ಜಂಜೀರೆಯ ನವಾಬ, ನಿಜಾಮನ ಸವಾರ, ಯಲ್ಲಾಪುರದ ಅಡಕೆ ತೋಟದ ಆಳು — ಈ ಮೂವರನ್ನು ಸಾಲಾಗಿ ನಿಲ್ಲಿಸಿದರೆ ವರ್ಣವೇ ವಿಧಿ ಎಂಬ ನಂಬಿಕೆ ಕುಸಿಯುತ್ತದೆ. ಕೋಟೆಯೂ ಕುದುರೆಯೂ ಇದ್ದಲ್ಲಿ ಆ ಮೈ ಕುಲೀನತೆಯ ಮೈ. ಭೂಮಿ ಇಲ್ಲದಲ್ಲಿ ಅದೇ ಮೈ ದಾಸ್ಯದ ಗುರುತು. ಬಣ್ಣಕ್ಕೆ ಅರ್ಥ ಕೊಡುವುದು ಅಧಿಕಾರ. ಒಮ್ಮೆ ಅರ್ಥ ಕೊಟ್ಟ ಮೇಲೆ ಅದು ಪ್ರಕೃತಿಯೇ ಬರೆದದ್ದೆಂದು ತೋರುವಂತೆ ಮಾಡುವುದೂ ಅಧಿಕಾರವೇ.

ಘಟ್ಟದ ಸಿದ್ದಿಗಳ ಪಾಲಿಗೆ ಆ ಅರ್ಥ ಬಂದದ್ದು ತೋಟ ಮತ್ತು ಕಾಡುಗಳ ನಡುವಿನ ಆರ್ಥಿಕ ಸಂಬಂಧದಿಂದ. ಅಡಕೆಯ ತೋಟಗಳಿಗೆ ಸೊಪ್ಪು ತರುವ, ಮಣ್ಣು ಹೊರುವ, ಕೊನೆ ಇಳಿಸುವ ಕೈಗಳು ಬೇಕಾಗಿದ್ದವು. ಸಾಲವೆಂಬುದು ಆ ಕೈಗಳನ್ನು ಹಿಡಿದಿಡುವ ಹಗ್ಗವಾಯಿತು. ಜೀತಪದ್ಧತಿಯನ್ನು ರದ್ದುಗೊಳಿಸಿದ ಕಾಯಿದೆ 1976ರಲ್ಲಿ ಬಂತು. ಟಿ. ಸಿ. ಪಾಲಾಕ್ಷಪ್ಪ ಅವರು ಉತ್ತರ ಕನ್ನಡದ ಸಿದ್ದಿಗಳನ್ನು ಕುರಿತು ಬರೆದ ಅಧ್ಯಯನ ಗ್ರಂಥ ಪ್ರಕಟವಾದದ್ದೂ ಅದೇ ವರ್ಷ. ಸಿದ್ದಿಗಳನ್ನು ಸುತ್ತಲಿನ ಸಮಾಜ ಅರ್ಥಮಾಡಿಕೊಂಡದ್ದು ಆಫ್ರಿಕದ ಜನರೆಂದಲ್ಲ. ತನಗೆ ಮೊದಲೇ ಪರಿಚಿತವಾಗಿದ್ದ ಏಣಿಯ ಕೆಳಗಿನ ಒಂದು ಮೆಟ್ಟಿಲೆಂದು. ಅಂಗಳದವರೆಗೆ ಬರಬಹುದು, ಒಳಗೆ ಬರುವಂತಿಲ್ಲ ಎಂಬ ಕಟ್ಟುಪಾಡನ್ನು ಹೊಸದಾಗಿ ಕಂಡುಹಿಡಿಯುವ ಅಗತ್ಯವೇ ಬೀಳಲಿಲ್ಲ, ಅದು ಸಿದ್ಧವಾಗಿತ್ತು. ಅಮೆರಿಕದಲ್ಲಿ ವರ್ಣವೇ ಜಾತಿಯ ಕೆಲಸ ಮಾಡಿದರೆ, ಘಟ್ಟದ ಮೇಲೆ ಜಾತಿ ವರ್ಣವನ್ನು ತನ್ನೊಳಗೆ ಸೇರಿಸಿಕೊಂಡಿತು.

ಜಾತಿಯೂ ವರ್ಣವೂ ಒಂದೇ ಎಂದು ಹೇಳಿದವರು ಇಲ್ಲದಿಲ್ಲ. 1901ರ ಜನಗಣತಿಯ ಆಯುಕ್ತನಾಗಿದ್ದ ಹರ್ಬರ್ಟ್ ರಿಸ್ಲೆ ಜನರ ಮೂಗುಗಳನ್ನು ಅಳೆಯಿಸಿ, ಮೂಗು ಅಗಲವಾದಷ್ಟೂ ಜಾತಿಯ ಸ್ಥಾನ ಕೆಳಗಿಳಿಯುತ್ತದೆಂದು ಸಿದ್ಧಾಂತ ಹೂಡಿದ. ಈ ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದ ಜಿ. ಎಸ್. ಘುರ್ಯೆ ಪ್ರಮುಖರು. 1932ರಲ್ಲಿ ಹೊರಬಂದ ಜಾತಿ ಮತ್ತು ಜನಾಂಗವನ್ನು ಕುರಿತ ಅವರ ಗ್ರಂಥ ಅದೇ ಅಳತೆಗಳನ್ನು ಪ್ರಾಂತಪ್ರಾಂತವಾಗಿ ಪುನಃ ವಿಂಗಡಿಸಿ ನೋಡಿತು. ಅದರ ಪ್ರಕಾರ, ಉತ್ತರದ ಒಂದು ಭಾಗವನ್ನು ಬಿಟ್ಟರೆ ಉಳಿದೆಡೆ ರಿಸ್ಲೆಯ ನಿಯಮ ನಿಲ್ಲುವುದಿಲ್ಲ. ಬಾಬಾಸಾಹೇಬ ಅಂಬೇಡ್ಕರರು 1948ರಲ್ಲಿ ಪ್ರಕಟವಾದ ಅಸ್ಪೃಶ್ಯರ ಮೂಲವನ್ನು ಕುರಿತ ತಮ್ಮ ಕೃತಿಯಲ್ಲಿ ಇಂಥ ಅಳತೆಗಳನ್ನೇ ಎತ್ತಿಕೊಂಡು, ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗಕ್ಕೆ ಸೇರಿದವರೆಂದು ತೋರಿಸಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮುಂದೆ ಬಹುಕಾಲ ದುಡಿದ ಇರಾವತಿ ಕರ್ವೆಯವರ ಅನುಭವವೂ ಇಲ್ಲಿ ಸ್ಮರಣೀಯ. ಅವರು 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಯೂಜಿನ್ ಫಿಷರನ ಬಳಿ ಸಂಶೋಧನೆಗೆ ನಿಂತಾಗ, ಬಿಳಿಯರ ತಲೆಬುರುಡೆಯ ಆಕಾರ ಅವರ ಬುದ್ಧಿಯ ಹಿರಿಮೆಗೆ ಸಾಕ್ಷಿ ನುಡಿಯುತ್ತದೆಂಬುದು ಗುರುವಿನ ನಿರೀಕ್ಷೆಯಾಗಿತ್ತು. ಬುರುಡೆಗಳನ್ನು ಅಳೆದ ಶಿಷ್ಯೆಗೆ ಅಂಥ ಯಾವ ವ್ಯತ್ಯಾಸವೂ ಕಾಣಲಿಲ್ಲ. ಕಂಡದ್ದನ್ನೇ ಅವರು ಬರೆದರು. ಆ ಗುರುವಿನ ವಿಚಾರಗಳು ನಾಜಿಗಳ ಕೈಯಲ್ಲಿ ಎಲ್ಲಿಗೆ ಮುಟ್ಟಿದವೆಂಬುದನ್ನು ಲೋಕ ಬಲ್ಲದು.

ಅಂಬೇಡ್ಕರರ ವಾದದ ಮುಖ್ಯ ಬೆಲೆ ಇರುವುದು ಇಲ್ಲಿ: ಜನಾಂಗ ಒಂದೇ ಆಗಿದ್ದರೂ ಅಸ್ಪೃಶ್ಯತೆ ಸಾಧ್ಯವಾಯಿತೆಂದ ಮೇಲೆ ಅಸಮಾನತೆಗೆ ದೇಹದ ಭೇದ ಕಾರಣವಾಗಿರಲಾರದು. ಸಿದ್ದಿಗಳ ಚರಿತ್ರೆ ಇದೇ ಮಾತನ್ನು ಇನ್ನೊಂದು ತುದಿಯಿಂದ ಹೇಳುತ್ತದೆ. ದೇಹ ಕಣ್ಣಿಗೆ ಹೊಡೆಯುವಷ್ಟು ಭಿನ್ನವಾಗಿದ್ದರೂ ನವಾಬಿ ಸಾಧ್ಯವಾಗಿತ್ತು. 2001ರಲ್ಲಿ ಡರ್ಬನ್ನಿನಲ್ಲಿ ವಿಶ್ವಸಂಸ್ಥೆಯ ವರ್ಣಭೇದವಿರೋಧಿ ಸಮ್ಮೇಳನ ನಡೆದಾಗ ಜಾತಿಯನ್ನು ಅಲ್ಲಿ ಚರ್ಚಿಸಬೇಕೆಂದು ದಲಿತ ಸಂಘಟನೆಗಳು ಕೇಳಿದವು. ಜಾತಿ ವರ್ಣವಲ್ಲವೆಂದು ಭಾರತ ಸರ್ಕಾರ ವಿರೋಧಿಸಿತು. ಶಾಸ್ತ್ರದ ದೃಷ್ಟಿಯಿಂದ ಎರಡೂ ಒಂದಲ್ಲವೆಂಬುದು ಸರಿಯೇ. ಆದರೆ ಅಂಗಳದಲ್ಲಿ ನಿಂತವನಿಗೆ, ತನ್ನನ್ನು ಅಲ್ಲಿಯೇ ನಿಲ್ಲಿಸಿದ ನಿಯಮದ ಶಾಸ್ತ್ರೀಯ ಹೆಸರು ಯಾವುದಾದರೇನು?

ದೇಹದ ಬಗೆಗಿನ ಪೂರ್ವಕಲ್ಪನೆ ಕೆಲವೊಮ್ಮೆ ಮೆಚ್ಚುಗೆಯ ವೇಷದಲ್ಲಿಯೂ ಬರುತ್ತದೆ. 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯೊಂದರ ಅಡಿಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳಲ್ಲಿ ತರಬೇತಿ ಕೊಡಲಾಯಿತು. ಆಫ್ರಿಕದ ರಕ್ತವಿರುವವರು ಓಡಬಲ್ಲರು, ಒಲಿಂಪಿಕ್ ಪದಕ ತರಬಲ್ಲರು ಎಂಬುದು ಅದರ ಹಿಂದಿನ ಆಸೆ. ಕಾಡಿನಂಚಿನ ಮಕ್ಕಳು ಮೊದಲ ಸಲ ಹಾಸ್ಟೆಲು, ಹೊಟ್ಟೆ ತುಂಬ ಊಟ, ಓಟದ ಬೂಟು ಕಂಡರು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕಗಳನ್ನೂ ಗೆದ್ದರು. 1990ರ ದಶಕದ ಮೊದಲ ವರ್ಷಗಳಲ್ಲಿ ಆ ಬಾಗಿಲು ಮುಚ್ಚಿತು. ಬಹುಮಂದಿ ಮರಳಿ ಊರಿಗೆ ಬಂದು ಕೂಲಿಗೆ ನಿಂತರು. ಅದು ಕೊಟ್ಟ ಅವಕಾಶ ನಿಜವಾದದ್ದು, ಅದಕ್ಕಾಗಿ ಇಂದಿಗೂ ಆ ಸಮುದಾಯದಲ್ಲಿ ಕೃತಜ್ಞತೆ ಇದೆ. ಆದರೆ ಅವಕಾಶದ ಹಿಂದಿದ್ದ ತರ್ಕವನ್ನು ನೋಡಿದರೆ, ಸರ್ಕಾರ ಆ ಮಕ್ಕಳಲ್ಲಿ ಕಂಡದ್ದು ಕಾಲುಗಳನ್ನು ಮಾತ್ರ. ಗಣಿತದಲ್ಲಿ ಚುರುಕಾಗಿದ್ದ ಸಿದ್ದಿ ಹುಡುಗಿಯನ್ನು ಹುಡುಕಿಕೊಂಡು ಅಂಥ ಯಾವ ಯೋಜನೆಯೂ ಬರಲಿಲ್ಲ.

ಸಮಾನತೆಯನ್ನು ಕೇಳುವವನು ತಾನು ಬೇರೆಯೆಂದು ಮೊದಲು ಸಾಬೀತುಮಾಡಬೇಕಾಗುವುದು ಈ ಕಥೆಯ ಇನ್ನೊಂದು ಬಿಕ್ಕಟ್ಟು. 1965ರ ಲೋಕೂರ್ ಸಮಿತಿ ಪರಿಶಿಷ್ಟ ಪಂಗಡಗಳನ್ನು ಗುರುತಿಸಲು ಹೇಳಿದ ಲಕ್ಷಣಗಳಲ್ಲಿ ಆದಿಮತೆ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ ಇವು ಸೇರಿವೆ. ಗುಜರಾತಿನ ಸೌರಾಷ್ಟ್ರದ ಸಿದ್ದಿಗಳು ಬಹಳ ಹಿಂದೆಯೇ ಆ ಪಟ್ಟಿಯಲ್ಲಿದ್ದರು. ಕರ್ನಾಟಕದಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಪಟ್ಟಿಯನ್ನು ಸೇರಿದ್ದು 2003ರಲ್ಲಿ, ಸಮುದಾಯದ ದೀರ್ಘ ಹೋರಾಟದ ನಂತರ. ಹಳಿಯಾಳದ ಸಿದ್ದಿ ಅಂದಿನಿಂದ ಪರಿಶಿಷ್ಟನಾದ. ಜಿಲ್ಲೆಯ ಗಡಿ ದಾಟಿ ಕಲಘಟಗಿಯಲ್ಲೋ ಖಾನಾಪುರದಲ್ಲೋ ಇದ್ದ ಅವನ ಸೋದರಮಾವನ ಮಗ ಆಗಲಿಲ್ಲ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸಲು 2020ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಹದಿನೇಳು ವರ್ಷ ಒಂದೇ ಮುಖದ ಇಬ್ಬರು ಬಂಧುಗಳಲ್ಲಿ ಒಬ್ಬ ಬುಡಕಟ್ಟಿನವ, ಇನ್ನೊಬ್ಬ ಅಲ್ಲ! ಯಾವ ಮುಖವನ್ನು ರಸ್ತೆಯಲ್ಲಿ ಯಾರೂ ಮರೆಯುವುದಿಲ್ಲವೋ ಅದು ಕಡತದಲ್ಲಿ ಕಾಣಲಿಲ್ಲ. 2011ರ ಜನಗಣತಿ ಕರ್ನಾಟಕದಲ್ಲಿ 10,477 ಸಿದ್ದಿಗಳನ್ನು ಎಣಿಸಿದಾಗಲೂ ಆ ಗಡಿಯ ಆಚೆಯವರು ಆ ಲೆಕ್ಕದ ಹೊರಗಿದ್ದರು.

ರಸ್ತೆಯಲ್ಲಿ ಕಾಣುವ ಕಣ್ಣು ಎಂಥದೆಂಬುದನ್ನು 2016ರ ಜನವರಿ ಕೊನೆಯಲ್ಲಿ ಬೆಂಗಳೂರು ತೋರಿಸಿತು. ಸೂಡಾನಿನ ಒಬ್ಬನ ಕಾರು ಮಹಿಳೆಯೊಬ್ಬಳ ಸಾವಿಗೆ ಕಾರಣವಾಯಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು. ಅವಳ ಬಟ್ಟೆ ಹರಿಯಿತು, ವಾಹನ ಸುಟ್ಟಿತು. ಸೂಡಾನಿಗೂ ತಾಂಜಾನಿಯಕ್ಕೂ ಇರುವ ದೂರ ಗುಂಪಿಗೆ ತಿಳಿಯಬೇಕಾಗಿರಲಿಲ್ಲ. ಕಪ್ಪು ಮೈಯೊಂದು ಮಾಡಿದ ತಪ್ಪಿಗೆ ಇನ್ನೊಂದು ಕಪ್ಪು ಮೈ ಉತ್ತರ ಕೊಡಬೇಕೆಂಬುದೇ ಅಲ್ಲಿಯ ನ್ಯಾಯ. ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯೆ ವರ್ಣವಾದಕ್ಕೆ ಬೇಕಿಲ್ಲ. ಕನ್ನಡದ ತರುಣ ಸಿದ್ದಿ ವಿದ್ಯಾರ್ಥಿಯೊಬ್ಬ ಆ ಸಂಜೆ ಅದೇ ದಾರಿಯಲ್ಲಿ ನಡೆದು ಹೋಗುತ್ತಿದ್ದರೆ, ಬಾಯಿ ತೆರೆದು ಕನ್ನಡ ಆಡಲು ಅವನಿಗೆ ಸಮಯ ಸಿಗುತ್ತಿತ್ತೇ?

ಒಳಗಿನಿಂದ ನೋಡಿದರೆ ಸಿದ್ದಿಗಳು ಆ ಕಣ್ಣು ಕಾಣುವಂತೆ ಏಕಾಕಾರದ ಜನವಲ್ಲ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂರು ಧರ್ಮಗಳನ್ನು ದಾಟಿ ನಂಟಸ್ತನ ಬೆಳೆದಿರುವ ಕುಟುಂಬಗಳೂ ಉಂಟು. ಮನೆಯಲ್ಲಿ ಕೊಂಕಣಿಯ ಒಂದು ರೂಪವನ್ನೋ ಉರ್ದುವನ್ನೋ ಆಡುವವರು ಪೇಟೆಯಲ್ಲಿ ಕನ್ನಡ, ಗಡಿಯಲ್ಲಿ ಮರಾಠಿ ಆಡುತ್ತಾರೆ. ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನ ಅವರ ವಂಶವಾಹಿಗಳಲ್ಲಿ ಆಫ್ರಿಕದ ಬಾಂತು ಜನರ ಜತೆಗೆ ಭಾರತೀಯರ ಮತ್ತು ಯುರೋಪಿಯನ್ನರ ಪಾಲನ್ನೂ ಗುರುತಿಸಿತು. ಕಣ್ಣು ಒಂದೇ ಬಣ್ಣವನ್ನು ಕಂಡಲ್ಲಿ ರಕ್ತ ಮೂರು ಖಂಡಗಳ ಕಥೆ ಹೇಳಿತು. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂಗಳನ್ನಿಟ್ಟ ಮೇಲೆಯೇ ಅದು ಪೂರ್ಣವಾಯಿತೆನ್ನುತ್ತಾರೆ. ಆ ಕೌದಿಗಳು ಈಗ ವಿದೇಶದ ಪ್ರದರ್ಶನಗಳನ್ನು ಕಂಡಿವೆ. ಅಲ್ಲಿನ ವಿದ್ವಾಂಸರು ಅವುಗಳಲ್ಲಿ ಆಫ್ರಿಕದ ನೆನಪನ್ನು ಹುಡುಕಿದರೆ ಆಶ್ಚರ್ಯವಿಲ್ಲ. ಉತ್ತರ ಕರ್ನಾಟಕದ ಯಾವ ಅಜ್ಜಿಗೆ ತೋರಿಸಿದರೂ, ಇದು ತನ್ನ ಮನೆಯ ಕೌದಿಯೇ ಎಂದಾಳು. ಎರಡು ಮಾತುಗಳೂ ಸುಳ್ಳಲ್ಲ.

ಈಚಿನ ದಶಕಗಳಲ್ಲಿ ಸಿದ್ದಿ ತರುಣ ತರುಣಿಯರು ನೀನಾಸಂನಂಥ ರಂಗಶಾಲೆಗಳಲ್ಲಿ ಕಲಿತು ಕನ್ನಡ ರಂಗಭೂಮಿಗೂ ಚಲನಚಿತ್ರಕ್ಕೂ ಬಂದಿದ್ದಾರೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಆ ಸಮುದಾಯದ ಧ್ವನಿ ಮೊದಲ ಬಾರಿಗೆ ಕರ್ನಾಟಕದ ಶಾಸನಸಭೆಯೊಳಗೆ ಕೇಳಿತು. ಗುಜರಾತಿನ ಜಾಂಬೂರಿನ ಹೀರಾಬಾಯಿ ಲೋಬಿಯವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ಇವು ಸಂತೋಷಪಡಬೇಕಾದ ಸಂಗತಿಗಳು. ಆದರೂ ಬೆರಳೆಣಿಕೆಯ ಹೆಸರುಗಳನ್ನು ಎತ್ತಿ ಹೇಳಿ ಸಮಾಧಾನಪಡುವ ಸಮಾಜ, ಆ ಹೆಸರುಗಳು ಬೆರಳೆಣಿಕೆಯವಾಗಿಯೇ ಉಳಿದಿರುವುದೇಕೆಂದು ಕೇಳಿಕೊಳ್ಳುವುದನ್ನು ಮರೆಯುತ್ತದೆ.

ಯಲ್ಲಾಪುರದ ಕಟ್ಟೆಗೆ ಮರಳಿದರೆ ಆ ಪ್ರಯಾಣಿಕ ಇನ್ನೂ ಅಲ್ಲಿಯೇ ನಿಂತಿದ್ದಾನೆ. ಅವನ ತಂದೆ ಊರು ಬಿಟ್ಟಾಗ ಆ ಜಿಲ್ಲೆ ಮುಂಬಯಿ ಪ್ರಾಂತಕ್ಕೇ ಸೇರಿತ್ತು. 1956ರ ಮೇಲೆ ಅದು ಕನ್ನಡ ರಾಜ್ಯವನ್ನು ಕೂಡಿಕೊಂಡಿತು. ಮನೆತನ ಹೊರಟುಹೋಯಿತು, ಸಿದ್ದಿಯ ಮನೆತನ ಅಲ್ಲಿಯೇ ಉಳಿಯಿತು. ಹೊರನಾಡಿನಲ್ಲಿ ಮೂರು ತಲೆಮಾರು ಕಳೆದ ಮೇಲೂ ತಾನು ಕನ್ನಡಿಗನೆಂದು ಹೇಳಿಕೊಳ್ಳುವ ಹಕ್ಕನ್ನು ಅವನು ಬಿಟ್ಟುಕೊಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಆ ಹಕ್ಕು ನೆಲದಿಂದ ಬಂದದ್ದಾದರೆ ಸಿದ್ದಿಯದು ಅವನದಕ್ಕಿಂತ ಗಟ್ಟಿ. ನುಡಿಯಿಂದ ಬಂದದ್ದಾದರೆ ಇಬ್ಬರದೂ ಸಮ. ಮೈಬಣ್ಣದಿಂದ ಬಂದದ್ದೆನ್ನುವುದಾದರೆ ‘ಕನ್ನಡಿಗ’ ಎಂಬ ಪದದ ಅರ್ಥವೇ ಕೆಟ್ಟುಹೋಗುತ್ತದೆ. ‘ಮೂಲ ಯಾವುದು?’ ಎಂಬ ಪ್ರಶ್ನೆಯನ್ನು ಕೈಬಿಟ್ಟರೆ ಕೇಳಬೇಕಾದ ಬೇರೆ ಪ್ರಶ್ನೆಗಳು ಸಾಕಷ್ಟಿವೆ. ತಾತನ ಕಾಲದಿಂದ ಉಳುತ್ತಿರುವ ಕಾಡಂಚಿನ ತುಂಡು ಭೂಮಿಗೆ 2006ರ ಅರಣ್ಯಹಕ್ಕು ಕಾಯಿದೆಯ ಪ್ರಕಾರ ಪಟ್ಟೆ ಸಿಕ್ಕಿತೇ? ತಂಗಿಯ ಶಾಲೆ ಎಷ್ಟು ದೂರ? ಮಳೆಗಾಲದಲ್ಲಿ ಬಸ್ಸು ಊರಿನ ತನಕ ಬರುತ್ತದೆಯೇ? ಇವನ್ನು ಕೇಳಲು ಯಾವ ಶಾಸ್ತ್ರವೂ ಬೇಡ. ಹೀಗೆ ಕೇಳಿದವನಿಗೆ ಆ ತರುಣ ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಾನು.